ಡಬ್ಬಿಗೆ ಬೀಸಿದ ಗಾಳಿ

ಆಗೆಲ್ಲ ಮಾನ್ವಿಯಲ್ಲಿ ಬೇಸಿಗೆ ಬಂತೆಂದರೆ ಮಧ್ಯಾಹ್ನ ಕರೆಂಟು ಹೋಗುತ್ತಿತ್ತು, ಕರೆಂಟು ಹೋದರೆ ನನ್ನ ಸುಖ ಶುರುವಾಗುತ್ತಿತ್ತು. ನಗಬೇಡಿ. ಫ್ಯಾನು ನಿಂತ ಕೂಡಲೇ ಆಯಿ ಪಡಸಾಲೆಯ ಫರಸಿ ನೆಲಕ್ಕೆ ಒಂದು ತಂಬಿಗೆ ನೀರು ಚಿಮುಕಿಸಿ, ಗೋಡೆಗೆ ಸಿಕ್ಕಿಸಿದ್ದ ಬೀಸಣಿಕೆ ತೆಗೆದುಕೊಂಡು ಕೂಡುತ್ತಿದ್ದಳು. ಕೆಂಪು ಅರಿವೆಯ ಅಂಚು ಹೊಲಿದ ಈಚಲ ಗರಿಯ ಬೀಸಣಿಕೆ. ಅದರ ತುದಿಯನ್ನು ನೀರಲ್ಲಿ ಅದ್ದಿ ಬೀಸಿದರೆ ಒಣಹುಲ್ಲು ನೆನೆದಂಥ ವಾಸನೆ ಬರುತ್ತಿತ್ತು. ಅವಳ ತೊಡೆಯ ಪಕ್ಕದಲ್ಲಿ ತಲೆಯಿಟ್ಟು ಆ ಗಾಳಿಗೆ ನಿದ್ದೆ ಹೋಗುವ ಹಕ್ಕು ನನ್ನೊಬ್ಬಳದಾಗಿತ್ತು.

ಆಯಿ ಅಂದರೆ ನಮ್ಮವ್ವನ ಅವ್ವ. ಅವ್ವ ದೇವದುರ್ಗದಲ್ಲಿ ನರ್ಸು. ಹಗಲು ರಾತ್ರಿ ಡ್ಯೂಟಿ ಇದ್ದವಳು ನನ್ನನ್ನು ಎಲ್ಲಿ ಇಟ್ಟುಕೊಂಡಾಳು? ಹಾಗಾಗಿ ನಾನು ಮೊದಲಿನಿಂದಲೂ ಆಯಿಯ ಹತ್ತಿರವೇ. ಮನೆಯಲ್ಲಿ ನಾವಿಬ್ಬರೇ. ಸಂಜೆ ಫರಸಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ಹುಣಸೆಬೀಜ ಉಜ್ಜಿ ಮಾಡಿದ ಕವಡೆ. ಆಯಿ ಮೋಸ ಮಾಡುವುದರಲ್ಲಿ ನಿಸ್ಸೀಮಳು.

ನನ್ನ ಆರನೇ ಇಯತ್ತೆ ಮುಗಿದ ಬೇಸಿಗೆಯಲ್ಲಿ ವಿಜು ಬಂದ. ವಿಜು ಅಂದರೆ ಸೋದರಮಾವನ ಮಗ, ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನು. ರಾಯಚೂರಲ್ಲಿ ಮಾವ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸುತ್ತಿದ್ದ, ಸಿಮೆಂಟಿನ ಧೂಳಿಗೆ ಹುಡುಗ ಕೆಮ್ಮಾಕತ್ತಾನ ಎಂದು ಇಲ್ಲಿ ತಂದು ಬಿಟ್ಟ. ಹುಡುಗನೊಬ್ಬನೇ ಬಂದಿದ್ದರೆ ನಾನು ಸಹಿಸುತ್ತಿದ್ದೆ. ಸಂಗಡ ಕಂಪ್ಯೂಟರೂ ಬಂತು. ಅದರ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಕಲ್ಲೂರಲ್ಲಿ ಬಸ್ಸು ನಿಂತಾಗ ನೀರು ಕುಡಿಯಲಿಕ್ಕೂ ಇಳಿಯದೆ ಬಂದಿದ್ದನಂತೆ. ಆಯಿ ಓಣಿಯವರಿಗೆಲ್ಲ ಹೇಳಿದ್ದೇ ಹೇಳಿದ್ದು, "ಕೂಸಿನಂಗ ಹೊತ್ಕೊಂಡ ಬಂದಾನ ನೋಡ್ರಿ." ನಾನು ಒಮ್ಮೆ ಮೈಯೆಲ್ಲ ಜ್ವರ ತುಂಬಿಕೊಂಡು ದೇವದುರ್ಗದಿಂದ ನಿಂತುಕೊಂಡೇ ಬಸ್ಸಿನಲ್ಲಿ ಬಂದಿದ್ದೆ. ಅದನ್ನು ಯಾರೂ ಯಾರಿಗೂ ಹೇಳಿರಲಿಲ್ಲ.

ಅವತ್ತಿನಿಂದ ಕೆನೆಮೊಸರು ಅವನ ತಾಟಿಗೆ. ಬಿಸಿ ರೊಟ್ಟಿ ಮೊದಲು ಅವನಿಗೆ. ಮಂಡಕ್ಕಿಯ ಸುಸಲಾ ಮಾಡಿದರೆ ಶೇಂಗಾ ಎಲ್ಲ ಆರಿಸಿದಂತೆ ಅವನ ಬಟ್ಟಲಲ್ಲೇ. ಚೌಕಾಬಾರದ ಗೆರೆಗಳ ಮೇಲೆ ಅವನ ವೈರು ಹಾಸಿಕೊಂಡಿತು.

ಒಂದು ದಿನ ಡಬ್ಬಿಯ ಪಕ್ಕದ ಮುಚ್ಚಳ ತೆಗೆದು ನನಗೆ ತೋರಿಸಿದ. ಒಳಗೆ ಒಂದು ಅಡ್ಡ ಹಲಗೆ, ಅದಕ್ಕೆ ಅಂಗೈಯಗಲದ ಪುಟ್ಟ ಫ್ಯಾನು.

"ಇದಕ್ಕ ಗ್ರಾಫಿಕ್ಸ್ ಕಾರ್ಡ್ ಅಂತಾರ. ಮುಟ್ಟಬ್ಯಾಡ. ಇದಿಲ್ಲಂದ್ರ ಆಟದಾಗ ಕಾರ್ ಓಡಂಗಿಲ್ಲ."

"ಅದಕ್ಯಾಕ ಫ್ಯಾನು?"

"ಅದಕ್ಕೂ ಶಕಿ ಆಗತದ. ಕಾಯ್ದ್ರ ಬಂದ್ ಬೀಳತದ."

ಆಹಾ, ಸೆಕೆ ಆಗುತ್ತದಂತೆ! ನಾವೇನು ಹಿಮದ ಮೇಲೆ ಮಲಗಿದ್ದೆವೋ?

ಆ ಫ್ಯಾನು ಒಂದು ವಾರದಲ್ಲೇ ಕರಕರ ಅನ್ನತೊಡಗಿತು. ಆಮೇಲೆ ಪರದೆಯ ತುಂಬ ಪಟ್ಟೆಪಟ್ಟೆ ಗೆರೆ ಬಂದು ಎಲ್ಲ ಕಪ್ಪಾಯಿತು. ಮುಚ್ಚಳ ತೆಗೆದರೆ ಫ್ಯಾನು ನಿಂತಿತ್ತು. ರಾಯಚೂರಿನ ಸಿಮೆಂಟು ಸಾಲದೆ, ನಮ್ಮ ಓಣಿಯ ಹಿಂದಿನ ಅಕ್ಕಿ ಮಿಲ್ಲಿನ ತೌಡಿನ ಧೂಳೂ ಅದರ ಮೇಲೆ ಕೂತಿತ್ತು.

ನಮ್ಮ ಮನೆಯಲ್ಲಿ ಕಿರುಗುಟ್ಟುವ ಎಲ್ಲಕ್ಕೂ ಒಂದೇ ಔಷಧ, ಕುಸುಬಿ ಎಣ್ಣೆ. ಬಾಗಿಲಿಗೂ ಅದೇ, ತೊಟ್ಟಿಲ ಸರಪಳಿಗೂ ಅದೇ, ಆಯಿಯ ಮೊಣಕಾಲಿಗೂ ಅದೇ. "ಎಣ್ಣಿ ಕಾಣದ ಎಷ್ಟ ದಿನ ಆಗ್ಯಾದೋ ಏನೋ ಪಾಪ" ಎಂದು ಆಯಿ ಗಿಂಡಿ ತಂದಳು. ಮಹಾ ಪಂಡಿತನಂತೆ ಮೆರೆಯುತ್ತಿದ್ದ ವಿಜುವೂ "ಎರಡ ಹನಿ ಬಿಡು ಆಯೀ, ನಡೀತದ" ಅಂದ. ನಡೆಯಿತು ಕೂಡ. ಆದರೆ ಆಟ ಜೋರಾದಂತೆಲ್ಲ ಡಬ್ಬಿಯಿಂದ ಕಾಯ್ದ ಎಣ್ಣೆಯ ವಾಸನೆ. ಪಕ್ಕದ ಮನೆಯ ಶಾಂತಮ್ಮ ಬಾಗಿಲಲ್ಲಿ ಇಣುಕಿ, "ಏನ್ರಿ, ಮಿರ್ಚಿ ಕರಿಯಾಕತ್ತೀರೇನು?" ಎಂದು ಕೇಳಿದಳು.

ಕುಸುಬಿ ಎಣ್ಣೆ ಒಣಗಿದರೆ ಅಂಟಾಗುತ್ತದೆ. ಎಣ್ಣೆ ಗಿಂಡಿ ತಿಕ್ಕಿದವರಿಗೆಲ್ಲ ಗೊತ್ತಿರುವ ಮಾತು, ಆದರೂ ಯಾರಿಗೂ ಹೊಳೆಯಲಿಲ್ಲ. ನಾಲ್ಕು ದಿನಕ್ಕೆ ಎಣ್ಣೆ, ತೌಡು, ಸಿಮೆಂಟು ಸೇರಿ ಫ್ಯಾನು ಬೆರಳಿಂದ ತಳ್ಳಿದರೂ ಅಲುಗದಂತೆ ಕಚ್ಚಿಕೊಂಡಿತು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಇನ್ನು ಡಬ್ಬಿ ಮೂಲೆಗೆ, ಆಯಿ ನನಗೆ ಅಂದುಕೊಂಡೆ. ಮಾವನಿಗೆ ಫೋನು ಹೋಯಿತು. ಆ ಅಳತೆಯ ಫ್ಯಾನು ರಾಯಚೂರಿನ ಅಂಗಡಿಯಲ್ಲಿಲ್ಲ, ತರಿಸಬೇಕು, ತಡವಾಗುತ್ತದೆ ಅಂದ. ವಿಜು ಮುಖ ಊದಿಸಿಕೊಂಡು ರೊಟ್ಟಿ ಮುರಿಯದೆ ಎದ್ದ.

"ಹುಡುಗ ಉಣವಲ್ಲ" ಎಂದು ಆಯಿ ಎರಡು ಸಲ ಒಳಗೆ ಹೊರಗೆ ತಿರುಗಿದಳು. ಆಮೇಲೆ ಗೋಡೆಯ ಬೀಸಣಿಕೆಗೆ ಕೈ ಹಾಕಿದಳು.

"ಶುರು ಮಾಡು, ನೋಡೋಣು."

ತೆರೆದ ಡಬ್ಬಿಯ ಪಕ್ಕ ಮಣೆ ಹಾಕಿಕೊಂಡು ಕೂತು ಬೀಸಿದಳು. ನೀರಲ್ಲಿ ಅದ್ದಬ್ಯಾಡ ಎಂದು ವಿಜು ಮೊದಲೇ ಹೇಳಿದ್ದ. ಕಾರು ಓಡಿತು. "ಆಯೀ, ನಡೀತು! ಬೀಸು, ಬೀಸು, ನಿಲ್ಲಸಬ್ಯಾಡ!"

ಆಮೇಲೆ ಕರೆಂಟಿದ್ದಷ್ಟು ಹೊತ್ತೂ ಇದೇ ಕತೆ. ಮೇಲಿನ ಫ್ಯಾನಿನ ಗಾಳಿ ಡಬ್ಬಿಯೊಳಗೆ ಇಳಿಯುತ್ತಿರಲಿಲ್ಲ, ಮನೆಗೆ ಇದ್ದೊಂದು ಟೇಬಲ್ ಫ್ಯಾನು ದೇವದುರ್ಗದಲ್ಲಿ ಅವ್ವನ ಕೋಣೆಯಲ್ಲಿತ್ತು. ಬರಬರುತ್ತಾ ಆಯಿಗೂ ಆಟದ ಹುಚ್ಚು ಹತ್ತಿತು. "ಎಡಕ್ಕ ಹೊಳ್ಳೋ! ಎಮ್ಮಿ ಹಂಗ ನಡುದಾರ್ಯಾಗ ಯಾಕ ಹೊಂಟಿ?" ಎಂದು ಬೀಸಣಿಕೆಯಿಂದಲೇ ದಾರಿ ತೋರಿಸುತ್ತಿದ್ದಳು. ಕರೆಂಟು ಹೋಯಿತೋ, "ಯಪ್ಪಾ, ರಟ್ಟಿ ಬಿದ್ದುಹೋದ್ವು" ಎಂದು ಬೀಸಣಿಕೆಯನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗಿಬಿಡುತ್ತಿದ್ದಳು. ನನಗೆ ಗಾಳಿ ಬೇಕಾದ ಹೊತ್ತಿಗೆ ದಿನದ ಗಾಳಿಯೆಲ್ಲ ಡಬ್ಬಿಗೆ ಮುಗಿದುಹೋಗಿರುತ್ತಿತ್ತು.

ಹೊಟ್ಟೆಕಿಚ್ಚು ಅಂದರೆ ಅಂಥಿಂಥದ್ದಲ್ಲ. ಮಾತಾಡಲಾರದ, ಉಣಲಾರದ ಒಂದು ತಗಡಿನ ಡಬ್ಬಿಯ ಮೇಲೆ ನಾನು ಹಲ್ಲು ಕಡಿದೆ. ಅದರ ಮೇಲೆ ಶಾಂತಮ್ಮ ಬಂದು, "ಮಗನ ಮಗ ಅಂದ್ರ ಸುಮ್ಮನೇನು!" ಎಂದು ನಕ್ಕು ಹೋದಳು. ಆ ಮಾತು ಮುಳ್ಳಿನಂತೆ ನೆಟ್ಟಿತು. ಹಾಗಾದರೆ ಮಗಳ ಮಗಳು ಏನು? ಅವ್ವ ಕರೆದೊಯ್ಯುವ ತನಕ ಇಟ್ಟುಕೊಂಡ ಗಂಟೇನು?

ಅವತ್ತು ಮಧ್ಯಾಹ್ನ ಕರೆಂಟು ಹೋದಾಗ ನಾನು ಗೋಡೆಗೆ ಮುಖ ಹಚ್ಚಿ ಮಲಗಿದೆ. ಬೆವರು ಕಿವಿಯೊಳಗೆ ಇಳಿಯುತ್ತಿತ್ತು.

"ಗೌರವ್ವಾ, ಈ ಕಡಿ ಹೊಳ್ಳು. ಗ್ವಾಡಿ ಕಾಯ್ದದ."

"ಕಾಯಲಿ ಬಿಡು! ನಾ ಏನ್ ಕಂಪ್ಯೂಟರ್ ಏನು, ಕಾಯ್ದ್ರ ಬಂದ್ ಬೀಳಾಕ? ಆ ಡಬ್ಬಿಗಿ ಬೀಸ್ತಿ, ನನಗ ಬೀಸಂಗಿಲ್ಲ. ಅಂವ ಮಗನ ಮಗ, ನಾ ಮಗಳ ಮಗಳು. ಅದಕ್ಕಲ್ಲೇನು?" ಅಂದವಳೇ ಅತ್ತುಬಿಟ್ಟೆ.

ಆಯಿ ಎದ್ದು ಕೂತಳು. ಸಮಾಧಾನ ಮಾಡುತ್ತಾಳೆ ಅಂದುಕೊಂಡರೆ ಬೈದಳು.

"ಹುಚ್ಚಿ, ಯಾರ ಹೇಳಿದ್ರು ಬೇ ನಿನಗ? ಅಂವ ಇವತ್ತ ಬಂದು ನಾಳಿ ಹೋಗಾಂವ. ಬಂದವರಿಗಿ ಮೊದಲ ಬೀಸಬೇಕು, ಮನ್ಯಾನವರು ತಡಕೋಬೇಕು. ನೀ ಈ ಮನ್ಯಾಕಿ ಹೌದೋ ಅಲ್ಲೋ?"

ನಾನು ಮೂಗು ಒರೆಸಿಕೊಂಡು ಹೌದು ಅಂದೆ. ಎಂಥ ಪದವಿ ಸಿಕ್ಕಿತು ನೋಡಿ! ಮರುದಿನ ಕರೆಂಟು ಬಂದದ್ದೇ ಬೀಸಣಿಕೆ ನಾನೇ ಕಸಿದುಕೊಂಡೆ. "ನೀ ಆಚಿ ಸರಿ ಆಯೀ. ಬಂದವರಿಗಿ ನಾವ್ ಬೀಸಬೇಕು" ಎಂದು ಮನೆಯ ಯಜಮಾನಿಯ ಗತ್ತಿನಲ್ಲಿ ಡಬ್ಬಿಗೆ ಬೀಸಿದೆ. ವಿಜುಗೆ ಏನೂ ಅರ್ಥವಾಗಲಿಲ್ಲ. ಅವನ ತಾಟಿಗೆ ಕೆನೆಮೊಸರನ್ನೂ ನಾನೇ ಬಡಿಸಿದೆ. ಶಾಲೆ ಶುರುವಾಗುವ ಹೊತ್ತಿಗೆ ಮಾವ ಬಂದು ವಿಜು, ಡಬ್ಬಿ ಇಬ್ಬರನ್ನೂ ರಾಯಚೂರಿಗೆ ಕರೆದೊಯ್ದ. ಕಾರ್ಡಿಗೆ ಹೊಸ ಫ್ಯಾನು ಬಂತಂತೆ.

ಈಗ ನಾನು ರಾಯಚೂರಲ್ಲಿದ್ದೇನೆ. ಮದುವೆ, ಮನೆ, ಕೆಲಸ ಎಲ್ಲ ಇಲ್ಲೇ. ಕಟ್ಟುವ ಮನೆಗಳ ನಕ್ಷೆ ತೆಗೆಯುವ ನನ್ನ ಕಂಪ್ಯೂಟರಿನ ಕಾರ್ಡಿಗೆ ಮೂರು ಫ್ಯಾನು, ಸದ್ದೇ ಇಲ್ಲದೆ ತಿರುಗುತ್ತವೆ. ಕೋಣೆಗೆ ಎಸಿ. ಮಾನ್ವಿಯಲ್ಲಿ ಆಯಿಯ ಜೊತೆ ಈಗ ವಿಜು ಇದ್ದಾನೆ. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿದ್ದಾನೆ, ಮೂರು ಹೊತ್ತೂ ಅವಳ ಕೈಯ ರೊಟ್ಟಿ ತಿನ್ನುತ್ತಾನೆ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹೋಗಿದ್ದೆ. ಉಂಡು ಪಡಸಾಲೆಯಲ್ಲಿ ಕೂತಿದ್ದಾಗ ಕರೆಂಟು ಹೋಯಿತು, ಇನ್ವರ್ಟರೂ ಕೈಕೊಟ್ಟಿತು. ನನ್ನ ಜೀವ ಹಿಗ್ಗಿತು, ಸುಳ್ಳು ಯಾಕೆ ಹೇಳಲಿ. ಆಯಿ ಗೋಡೆಯ ಬೀಸಣಿಕೆ ತೆಗೆದುಕೊಂಡಳು. ಅರಿವೆಯ ಅಂಚು ಬೇರೆ, ಈಗ ನೀಲಿ. ತುದಿಯನ್ನು ತಂಬಿಗೆಯಲ್ಲಿ ಅದ್ದಿ, "ಬಾ ಯವ್ವಾ, ಇಲ್ಲಿ ಸರಿ" ಎಂದು ನನಗೆ ಬೀಸತೊಡಗಿದಳು. ಅದೇ ನೆನೆದ ಗರಿಯ ವಾಸನೆ. ಕಣ್ಣು ಮುಚ್ಚಿದೆ.

"ಆಯೀ, ನನಗೂ ಈ ಕಡಿ ಒಂದೀಟು ಬೀಸು" ಅಂದ ವಿಜು.

"ನೀ ಈ ಮನ್ಯಾಂವ, ತಡಕೋ. ಆಕಿ ಪಾಪ ಯಾವಾಗರೆ ಬರಾಕಿ."

ಕಣ್ಣು ತೆರೆದೆ. ವಿಜು ಅಂಗಿ ಬಿಚ್ಚಿ ಗೋಡೆಗೆ ಒರಗಿ ಕೂತ. ಗಾಳಿ ಸಿಗದೆ ಅಲ್ಲಿ ಬೆವರುತ್ತಿದ್ದ ಅವನನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.