ಎರಡು ಮುಚ್ಚಳ, ಒಂದೇ ಎಣ್ಣೆ

ಪೆಸಿಫಿಕ್ ಸಾಗರದ ತರಾವಾ ದ್ವೀಪದ ನರ್ಸ್ ತಾಬೆರಾ ಸಿಟ್ಟು ಬಂದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಯಾರಿಗೂ ಹೊಡೆಯುವುದಕ್ಕಲ್ಲ, ಬೇಗ ನಡೆಯುವುದಕ್ಕೆ. ಆದರೂ ಊರಿನವರು ಅದನ್ನು ದೂರದಿಂದ ಕಂಡರೇ ದಾರಿ ಬಿಡುತ್ತಿದ್ದರು.

ಅವಳ ಅವ್ವ ಸಕ್ಕರೆ ಕಾಯಿಲೆಯಲ್ಲಿ ಒಂದು ಪಾದ ಕಳೆದುಕೊಂಡವಳು. ಹಾಗಾಗಿ ಆಸ್ಟ್ರೇಲಿಯಾದಿಂದ ಡಾಕ್ಟರ್ ಹೆಲೆನ್ ಎಣ್ಣೆಯ ಪರೀಕ್ಷೆ ಹಿಡಿದು ಬಂದಾಗ ತಾಬೆರಾ ತಾನೇ ಮನೆಮನೆ ತಿರುಗಿ ಇಪ್ಪತ್ನಾಲ್ಕು ಮನೆಗಳನ್ನು ಒಪ್ಪಿಸಿದ್ದಳು. "ನಮ್ಮ ಮೈಯ ಮಾಂಸದಲ್ಲಿ ಒಂದೊಂದು ಕಣವೂ ಒಂದೊಂದು ಮನೆ ಇದ್ದಂಗೆ," ಎಂದಿದ್ದಳು. "ಅದರ ಗೋಡೆ ಕೊಬ್ಬಿಂದು. ನಾವು ಎಂಥ ಎಣ್ಣೆ ತಿಂತೀವೋ ಗೋಡೆನೂ ಅಂಥದ್ದೇ ಆಗ್ತದೆ. ಇನ್ಸುಲಿನ್ ಹೊರಗೆ ನಿಂತು 'ಸಕ್ಕರೆ ಒಳಗೆ ತಗೊಳ್ರಪ್ಪಾ' ಅಂತ ಕೂಗ್ತದೆ. ಓಲೆ ತಟ್ಟಿಯಂಥ ಗೋಡೆಯಾದ್ರೆ ಒಳಗಿನವರಿಗೆ ಕೇಳಿಸ್ತದೆ. ತಗಡಿನ ಗೋಡೆಯಾದ್ರೆ ಗಂಟಲು ಹರಿದ್ರೂ ಕೇಳ್ಸಲ್ಲ. ಇದು ನಿಜವೋ ಅಲ್ವೋ ಅಂತ ನೋಡೋಣ."

ಹನ್ನೆರಡು ಮನೆಗೆ ನೀಲಿ ಮುಚ್ಚಳದ ಎಣ್ಣೆ, ಹನ್ನೆರಡು ಮನೆಗೆ ಹಳದಿ ಮುಚ್ಚಳದ್ದು, ಎರಡೂ ಬೇರೆ ಬೇರೆ ಜಾತಿಯವು. ಶುರುವಿನಲ್ಲಿ ಮನೆಗೊಬ್ಬರ ತೊಡೆಯಿಂದ ದಪ್ಪ ಸೂಜಿ ಚುಚ್ಚಿ ಅಕ್ಕಿಕಾಳಿನಷ್ಟು ಮಾಂಸ ತೆಗೆದರು. ನಾಲ್ಕು ತಿಂಗಳ ಮೇಲೆ ಇನ್ನೊಮ್ಮೆ ತೆಗೆಯಬೇಕು. "ನಿಮ್ಮ ಮಾಂಸ ದಂಡ ಆಗೋಕೆ ಬಿಡಲ್ಲ," ಎಂದು ತಾಬೆರಾ ಒಬ್ಬೊಬ್ಬರ ಕೈ ಹಿಡಿದು ಮಾತು ಕೊಟ್ಟಿದ್ದಳು.

ನಾಲ್ಕು ತಿಂಗಳು ತುಂಬಲು ಹತ್ತು ದಿನ ಇತ್ತು. ಪ್ರತಿ ಮನೆಯಲ್ಲಿ ಉಳಿದ ಎಣ್ಣೆಯನ್ನು ಅದೇ ಬಾಟಲಿಯಲ್ಲಿ ತಂದು ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿಟ್ಟಳು. ತಣ್ಣಗಾದರೆ ಹಳದಿಯದು ಬೆಳ್ಳಗೆ ಗಟ್ಟಿಯಾಗಬೇಕು, ನೀಲಿಯದು ತಿಳಿಯಾಗೇ ಉಳಿಯಬೇಕು. ಬೆಳಿಗ್ಗೆ ಬಾಗಿಲು ತೆರೆದು ನೋಡುತ್ತಾಳೆ, ಇಪ್ಪತ್ನಾಲ್ಕು ಬಾಟಲಿಯಲ್ಲೂ ಅರ್ಧ ಬಿಳಿ, ಅರ್ಧ ತಿಳಿ. ಅಳೆದು ಹುಯ್ದಂತೆ!

ಚಪ್ಪಲಿ ಕೈಗೆ ಬಂತು. ನೆಟ್ಟಗೆ ಅಣ್ಣನ ಹೆಂಡತಿ ರೂತಾಳ ಮನೆಗೆ ಹೋದಳು.

"ಅತ್ತಿಗೆ, ನಿನ್ನ ನೀಲಿ ಬಾಟಲಿಗೆ ಹಳದಿ ಎಣ್ಣೆ ಹೆಂಗೆ ಬಂತು?"

"ನಡ್ಕೊಂಡು ಬರ್ಲಿಲ್ಲ ಕಣೇ," ರೂತಾ ಹಿಟ್ಟು ನಾದುತ್ತಲೇ ಅಂದಳು. "ಪಕ್ಕದ ಮನೇವ್ಳು ಬಂದು ಬುಬುಸಿ ಅಂದ್ಲು, ಕೊಟ್ಟೆ. ನನ್ನದು ಮುಗೀತು, ನಾನು ಹೋಗಿ ಬುಬುಸಿ ಅಂದೆ, ಅವ್ಳು ಕೊಟ್ಲು. ನೀನಾದ್ರೆ ಇಲ್ಲ ಅಂತಿದ್ಯಾ?"

ತಾಬೆರಾ ಚಪ್ಪಲಿ ಕೆಳಗೆ ಹಾಕಿ ಮೆಟ್ಟಿಕೊಂಡಳು. ಬುಬುಸಿ, ಅಂದರೆ 'ಕೇಳ್ತಿದೀನಿ, ಕೊಡು', ಎಂದು ಬಂದವರಿಗೆ ಇಲ್ಲ ಎಂದವರು ಆ ದ್ವೀಪದಲ್ಲಿ ಮತ್ತೆ ಮುಖ ಎತ್ತಿ ತಿರುಗುವಂತಿರಲಿಲ್ಲ. ಹೋದ ತಿಂಗಳು ರೂತಾಳ ತಮ್ಮ ಹಾಗೆ ಕೇಳಿಯೇ ತಾಬೆರಾಳ ಸೈಕಲ್ ಒಯ್ದಿದ್ದ. ಅದಕ್ಕೇ ಅವಳೀಗ ನಡೆಯುತ್ತಿದ್ದದ್ದು.

ತಾಬೆರಾ ಹೆಲೆನ್‌ಗೆ ಫೋನು ಮಾಡಿ ಎಲ್ಲ ಹೇಳಿದಳು. ಹೆಲೆನ್ ಅಂದಳು, "ಮೊದಲಿಂದ ಶುರು ಮಾಡ್ಬೇಕು, ತಾಬೆರಾ. ಅವರು ಮತ್ತೆ ತೊಡೆ ಕೊಟ್ರೆ ಮಾತ್ರ. ಇಲ್ಲ ಅಂದ್ರೆ ಇಲ್ಲಿಗೇ ಮುಗಿಸೋಣ."

ಸಂಜೆ ಊರಿನ ಸಭಾಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತರು. ತಾಬೆರಾ ಎರಡು ಬಾಟಲಿ ಎತ್ತಿ ಹಿಡಿದು, "ಇದು ನೀಲಿ, ಇದು ಹಳದಿ. ಏನಾದ್ರೂ ವ್ಯತ್ಯಾಸ ಕಾಣ್ತದಾ?" ಎಂದಳು.

"ಇಲ್ಲ," ಎಂದರು ಹಿರಿಯ ನಕಿಬಾಯೆ, ಸಂತೋಷದಿಂದಲೇ. "ಎಲ್ಲರಿಗೂ ಒಂದೇ ಸಮ ಬಂದದೆ. ಒಳ್ಳೇದೇ ಆಯ್ತಲ್ಲ ಮಗಳೇ?"

"ಏನು ಒಳ್ಳೇದು ತಾತ! ಇಪ್ಪತ್ನಾಲ್ಕು ಜನರ ಮಾಂಸ ಸಮುದ್ರಕ್ಕೆ ಎಸೆದಂಗಾಯ್ತು. ಯಾವ ಎಣ್ಣೆ ಏನು ಮಾಡ್ತು ಅಂತ ಯಾರನ್ನ ಕೇಳ್ಲಿ? ನಮ್ಮವ್ವನ ಇನ್ನೊಂದು ಪಾದನೂ ಹೋಗ್ಲಿ ಅಂತ ಕಾಯ್ಲಾ?"

ಎಲ್ಲರೂ ಚಾಪೆಯ ಅಂಚು ಕೆರೆಯುತ್ತ ಕೂತರು. ಬೈದು ಬೈದು ತಾಬೆರಾಗೆ ಸಾಕಾಯಿತು. ತಾನೂ ತಗಡಿನ ಗೋಡೆಗೇ ಕೂಗುತ್ತಿದ್ದೇನೆ ಅನ್ನಿಸಿ ಕುಸಿದು ಕೂತಳು. ಕೂತಲ್ಲೇ ಏನೋ ಹೊಳೆಯಿತು.

"ಬುಬುಸಿ," ಎಂದಳು ಮೆಲ್ಲಗೆ. ಸಭೆಯೆಲ್ಲ ತಲೆ ಎತ್ತಿತು. "ನಾನು ಕೇಳ್ತಿದೀನಿ. ಇನ್ನು ನಾಲ್ಕು ತಿಂಗಳು ಯಾರೂ ಯಾರನ್ನೂ ಎಣ್ಣೆ ಕೇಳಬಾರದು. ಮತ್ತೆ, ಇನ್ನೊಂದ್ಸಲ ತೊಡೆ ಕೊಡಬೇಕು."

"ಇವಳ ಬಾಯಿಗಿಷ್ಟು!" ಎಂದು ಗೊಣಗಿದಳು ರೂತಾ. ಆದರೆ ಇಲ್ಲ ಎನ್ನುವ ಹಾಗಿರಲಿಲ್ಲ. ಒಬ್ಬೊಬ್ಬರಾಗಿ ತಲೆಯಾಡಿಸಿದರು.

ನಕಿಬಾಯೆ ತೊಡೆಯ ಮೇಲಿನ ಹಳೆಯ ಕಲೆ ಸವರಿಕೊಂಡರು. "ಆಯ್ತು ಮಗಳೇ. ಈಗ ನಂದೂ ಒಂದು ಬುಬುಸಿ. ಹೋದ ಸಲ 'ಏನೂ ನೋವಾಗಲ್ಲ ತಾತ' ಅಂತ ನನ್ನ ಕೈ ಹಿಡಿದಿದ್ಯಲ್ಲ? ಈ ಸಲ ಮೊದಲ ತೊಡೆ ನಿಂದು. ಕೈ ನಾನು ಹಿಡೀತೀನಿ."

ಸಭಾಮನೆ ಹಾರಿಹೋಗುವಂತೆ ನಗು ಎದ್ದಿತು. ತಾಬೆರಾ ಮಾತ್ರ ನಗಲಿಲ್ಲ.

ಹೆಲೆನ್ ಸೂಜಿ ಹಿಡಿದು ಬಂದ ಸೋಮವಾರ, ಕ್ಲಿನಿಕ್ಕಿನ ಮೇಜಿನ ಮೇಲೆ ಮೊದಲು ಮಲಗಿದವಳು ಅವಳೇ. ಸೂಜಿ ಒಳಹೊಕ್ಕಾಗ ಅವಳಿಟ್ಟ ಕೂಗು ಹೊರಗೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸಿತು. "ನೋವಾಗಲ್ಲ ಮಗಳೇ, ನೋವಾಗಲ್ಲ," ಎನ್ನುತ್ತ ನಕಿಬಾಯೆ ಕೈ ತಟ್ಟಿದರು.

ತೊಡೆಗೆ ಪಟ್ಟಿ ಕಟ್ಟಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಕುಂಟುತ್ತ ಹೊರಬಂದು, "ಮುಂದಿನವರು ಬನ್ರೀ!" ಎಂದು ಗದರಿದಳು. ಆ ಕೂಗು ಕೇಳಿಯೂ ಸಾಲು ಬಿಟ್ಟು ಯಾರೂ ಹೋಗಿರಲಿಲ್ಲ.