ಡಿಸೈನ್ ಅಂಗಳ

ಕಳೆದ ವಾರ ಕಾರವಾರದ ಬಟ್ಟೆಯಂಗಡಿಯೊಂದರಲ್ಲಿ ಚಿಕ್ಕಮ್ಮನ ಜೊತೆ ಕುಳಿತು ಕಿಟಕಿಯ ಪರದೆಗೆ ಬಟ್ಟೆ ನೋಡುತ್ತಿದ್ದೆ. ಅಂಗಡಿಯವರು ಥಾನಿನ ಮೇಲೆ ಥಾನು ಬಿಚ್ಚಿ ಹಾಸುತ್ತ, "ಪ್ಲೇನ್ ಬೇಡವಾದ್ರೆ ಇದ್ರಲ್ಲೇ ಡಿಸೈನ್ ಅದೆ, ತೋರಿಸ್ಲಾ?" ಎಂದು ಕೇಳಿದರು. ನನಗೆ ನಗು ಬಂದುಬಿಟ್ಟಿತು. ನಗುವಂಥ ಮಾತನ್ನು ಅವರೇನೂ ಆಡಿರಲಿಲ್ಲ. ಅವರ ಮುಖ ಸಣ್ಣದಾಯಿತು. ಕಾರಣ ಬಲ್ಲ ಚಿಕ್ಕಮ್ಮ, "ಇವಳಿಗೆ ಆ ಶಬ್ದ ಕೇಳಿದ್ರೆ ಹಾಂಗೇ. ನೀವು ಪ್ಲೇನೇ ಕೊಡಿ" ಎಂದು ಹೇಳಿ ಸುಧಾರಿಸಿದಳು.

ಆ ಶಬ್ದದ ಬಗ್ಗೆ ಸ್ವಲ್ಪ ವಿವರಿಸಲೇಬೇಕು. ಡಿಸೈನ್ ಎಂದರೆ ಏನು ಎಂಬುದನ್ನು ಘಟ್ಟದ ಮೇಲಿನ ವಾಸ್ತುಶಿಲ್ಪ ಕಾಲೇಜೊಂದರಲ್ಲಿ ಐದು ವರ್ಷ ಓದಿದವಳು ನಾನು. ಶೆಟಗೇರಿಯ ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಮೊದಲು ಪಡೆದವಳೂ ನಾನೇ. ಹೀಗಾಗಿ ತಪ್ಪು ಮಾತನಾಡಿದರೆ ಮನೆತನದ ಮರ್ಯಾದೆಯೇ ಹೋದೀತೆಂಬ ಹೆದರಿಕೆ ನನ್ನನ್ನು ಇಂದಿಗೂ ಪೂರ್ತಿ ಬಿಟ್ಟಿಲ್ಲ. ಈ ವಾಕ್ಯವನ್ನು ಸಹ ಬರೆದು, ಅಳಿಸಿ, ಮತ್ತೆ ಬರೆದಿದ್ದೇನೆ. ಊರಿನವರಿಗಾದರೋ ನನ್ನ ವಾಸ್ತುಶಿಲ್ಪವೂ ಜೋಯಿಸರ ವಾಸ್ತುವೂ ಒಂದೇ ಆಗಿತ್ತು. ರಜೆಯಲ್ಲಿ ಮನೆಗೆ ಬಂದರೆ ಯಾರಾದರೊಬ್ಬರು ಜಗಲಿಯಲ್ಲಿ ಕುಳಿತು, ಬಚ್ಚಲನ್ನು ಯಾವ ದಿಕ್ಕಿಗೆ ಕಟ್ಟಿದರೆ ಮಗನಿಗೆ ಮದುವೆಯಾದೀತು ಎಂದು ಕೇಳುತ್ತಿದ್ದರು. ಗೊತ್ತಿಲ್ಲವೆಂದರೆ ಅಪ್ಪನಿಗೆ ಅವಮಾನ. ಆದ್ದರಿಂದ, "ಗಾಳಿ ಬೆಳಕು ಬರುವ ಕಡೆ ಕಟ್ಟಿ" ಎಂದು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದೆ. ಮದುವೆಗಳು ತಮ್ಮ ಪಾಡಿಗೆ ಆಗುತ್ತಿದ್ದವು.

ಮುಂದೆ ಭೂದೃಶ್ಯ ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತೇನೆಂದಾಗ ಅಪ್ಪ, "ಅಂದ್ರೆ ಎಂತ ಮಾಡೂದು?" ಎಂದ. ಮನೆಯ ಹೊರಗಿನ ಜಾಗವನ್ನು, ನೆಲ, ನೀರು, ಗಿಡಮರಗಳನ್ನು ಯೋಜಿಸುವುದು ಎಂದು ನಾನು ಶುದ್ಧವಾಗಿ ವಿವರಿಸಿದೆ. "ಗಿಡ ನೆಡೂಕೆ ಅಷ್ಟು ದೂರ ಹೋಗ್ಬೇಕಾ ತಂಗಿ? ಹಟ್ಟಿಕೇರಿ ಮಾವನ ಹಿತ್ತಲಲ್ಲಿ ಬೇಕಾದಷ್ಟು ಜಾಗ ಅದೆ" ಎಂದ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಪ್ರೀತಿ ಬಂದಾಗ ತಂಗಿ ಎಂದೇ ಕರೆಯುತ್ತಾರೆ. ಆದ್ದರಿಂದ ಆ ಮಾತನ್ನು ಒಪ್ಪಿಗೆಯೆಂದೇ ತಿಳಿದೆ.

ವಿದೇಶದ ವಿಶ್ವವಿದ್ಯಾಲಯವೊಂದು ಸೀಟು ಕೊಟ್ಟಿತು, ಆದರೆ ಒಂದು ಷರತ್ತಿನ ಮೇಲೆ. ಬೇರೆ ಬೇರೆ ದೇಶಗಳಿಂದ ಬರುವ ವಿದ್ಯಾರ್ಥಿಗಳನ್ನು ಮುಂದಿನ ಓದಿಗೆ ಸಿದ್ಧಗೊಳಿಸುವ ಪೂರ್ವಸಿದ್ಧತಾ ಕೋರ್ಸೊಂದನ್ನು ಮನೆಯಿಂದಲೇ, ಕಂಪ್ಯೂಟರಿನ ಮುಂದೆ ಕುಳಿತು ಮುಗಿಸಬೇಕು. ಅದರಲ್ಲಿ ತೇರ್ಗಡೆಯಾದರೆ ಸೀಟು ಉಂಟು, ಇಲ್ಲವಾದರೆ ಇಲ್ಲ. ಶೆಟಗೇರಿಯ ನಮ್ಮ ಮನೆಯ ನೆಟ್‌ವರ್ಕ್ ಅಂಗಳದಲ್ಲಿ ನಿಂತರೆ ಸಿಗುತ್ತದೆ, ಹೊಸಿಲು ದಾಟಿ ಒಳಗೆ ಬಂದರೆ ಹೋಗುತ್ತದೆ. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ಉನ್ನತ ಶಿಕ್ಷಣ ಪಡೆಯುವುದು ಕಷ್ಟವೆಂದು ನಾನು ಕಾರವಾರದ ಚಿಕ್ಕಮ್ಮನ ಮನೆಯ ಮಾಳಿಗೆಗೆ ಬಂದು ನೆಲೆಸಿದೆ.

ಪಾಠ ಹೇಳುತ್ತಿದ್ದವರು ಹೆಲೆನ್ ಎಂಬವರು. ಹೆಸರು ಹಿಡಿದೇ ಕರೆಯಬೇಕೆಂದು ಅವರು ಮೊದಲ ದಿನವೇ ಅಪ್ಪಣೆ ಮಾಡಿದರು. ನಮ್ಮ ಆಯಿಯ, ಅಂದರೆ ಅಮ್ಮನ, ವಯಸ್ಸಿನವರನ್ನು ಬರಿಯ ಹೆಸರಿನಿಂದ ಕರೆಯಲು ನನ್ನ ನಾಲಗೆ ಏಳಲಿಲ್ಲ. ಅಪ್ಪಣೆ ಮೀರಲು ಧೈರ್ಯವೂ ಇಲ್ಲ. ಕೊನೆಗೆ 'ಹೆಲೆನ್ ಮೇಡಂ' ಎಂದು ಎರಡೂ ಕಡೆಯ ಮರ್ಯಾದೆ ಉಳಿಸಿದೆ. ತರಗತಿಯಲ್ಲಿ ಅನೇಕ ದೇಶಗಳವರಿದ್ದರೂ ನನಗೆ ಸ್ನೇಹಿತನೆಂದು ದೊರೆತವನು ಘಾನಾದ ಕ್ವಾಮೆ. ಅವನ ಪರಿಚಯವಾದದ್ದು ಚಿಕ್ಕಮ್ಮನಿಂದ. ಮೇಡಂ ಇಟಲಿಯ ಉದ್ಯಾನಗಳ ಕುರಿತು ಗಂಭೀರವಾಗಿ ಹೇಳುತ್ತಿದ್ದಾಗ, ನನ್ನ ಮೈಕು ತೆರೆದೇ ಇದ್ದುದನ್ನು ತಿಳಿಯದೆ ಚಿಕ್ಕಮ್ಮ ಮೆಟ್ಟಿಲ ಬುಡದಿಂದ, "ಬಂಗಡೆ ಮೀನು ಚಲೋ ಸಿಕ್ಯದೆ. ಸಾರು ಮಾಡ್ಲಾ, ಹುರಿಲಾ?" ಎಂದು ಕೂಗಿದಳು. ಮೇಡಂ ಮಾತು ನಿಲ್ಲಿಸಿ ಏನೆಂದು ಕೇಳಿದರು. ಸುಳ್ಳು ಹೇಳುವುದು ತಪ್ಪೆಂದು ನಾನು ಅನುವಾದಿಸಿ ಹೇಳಿದೆ. ಕ್ವಾಮೆ ತಕ್ಷಣ, "ಹುರಿಯಲಿ" ಎಂದು ಬರೆದು ಕಳಿಸಿದ. ಅಂದು ನಮ್ಮ ಮನೆಯಲ್ಲಿ ಬಂಗಡೆ ಹುರಿದದ್ದೇ ಆಯಿತು.

ನನ್ನ ತೊಂದರೆ ಬೇರೆಯೇ ಇತ್ತು. ಆ ಕೋರ್ಸಿನಲ್ಲಿ ಕಲಿಸುತ್ತಿದ್ದುದು ನಕ್ಷೆ ಬರೆಯುವುದನ್ನಷ್ಟೇ ಅಲ್ಲ; ಒಂದು ಜಾಗವನ್ನು ನೋಡಿ ಇದು ಸರಿ, ಇದು ತಪ್ಪು, ಕಾರಣ ಇಂಥದ್ದು ಎಂದು ಎದುರಿನವರ ಮುಖ ನೋಡಿ ಹೇಳುವುದನ್ನು. ನನಗೋ, ಗುರುಗಳು ಹೇಳಿದ್ದನ್ನು ಅಚ್ಚುಕಟ್ಟಾಗಿ ತಿರುಗಿ ಹೇಳುವುದೇ ವಿದ್ಯೆ. ಯಾರ ನಕ್ಷೆ ತೋರಿಸಿದರೂ, "ಬಹಳ ಚೆನ್ನಾಗಿದೆ, ಮೇಡಂ ಹೇಳಿದ್ದು ಸರಿಯಾಗಿಯೇ ಇದೆ" ಎನ್ನುತ್ತಿದ್ದೆ. ಒಂದು ದಿನ ಅವರು ನನ್ನೊಬ್ಬಳನ್ನೇ ಉಳಿಸಿಕೊಂಡು, "ನೀನು ಎಲ್ಲವನ್ನೂ ಒಪ್ಪಿಕೊಳ್ಳುತ್ತೀ. ಕೊನೆಯ ಪರೀಕ್ಷೆಯಲ್ಲೂ ಹೀಗೆಯೇ ಮಾಡಿದರೆ ನಾನು ನಿನ್ನನ್ನು ತೇರ್ಗಡೆ ಮಾಡಲಾರೆ" ಎಂದರು. ನಾನು ಅದನ್ನೂ ಒಪ್ಪಿಕೊಂಡೆ.

ಕೊನೆಯ ಪರೀಕ್ಷೆ ಹೀಗಿತ್ತು: ನಿಮಗೆ ಚೆನ್ನಾಗಿ ಗೊತ್ತಿರುವ ಹೊರಾಂಗಣವೊಂದನ್ನು ಅಳೆದು ನಕ್ಷೆ ಬರೆಯಿರಿ, ನಿಮ್ಮವರೊಬ್ಬರು ಅಲ್ಲಿಂದಲೇ ಫೋನಿನಲ್ಲಿ ಅದನ್ನು ಎಲ್ಲರಿಗೂ ತೋರಿಸಲಿ, ಆಮೇಲೆ ನೀವು ಅದರ ವಿನ್ಯಾಸವನ್ನು ವಿಮರ್ಶಿಸಿ. ಕಾರವಾರದ ಕಡಲ ದಂಡೆಯನ್ನು ಅಳೆಯೋಣವೆಂದರೆ ಟೇಪಿನ ಇನ್ನೊಂದು ತುದಿ ಹಿಡಿಯಲು ಚಿಕ್ಕಮ್ಮ ಒಪ್ಪಲಿಲ್ಲ. "ಟೇಪು ಹಿಡ್ಕಂಡು ನಿಂತ್ರೆ ಸರ್ವೆಯವ್ರು ಬಂದ್ರು, ಜಾಗ ಹೋಯ್ತು ಅಂತ ಜನ ಸೇರ್ತಾರೆ. ಹೊಡೆತ ತಿನ್ನೂಕೆ ನನ್ನ ಕರಿಬೇಡ" ಎಂದಳು. ದೊಡ್ಡ ಯೋಜನೆಗಳಿಗೆ ಜಾಗ ಕಳೆದುಕೊಂಡ ಈ ಊರಿನ ಮಟ್ಟಿಗೆ ಅವಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕಾಲೇಜಿನಲ್ಲಿದ್ದಾಗ ನಮ್ಮ ಮನೆಯ ಅಂಗಳವನ್ನು ಅಳೆದು ಬರೆದ ನಕ್ಷೆಯೊಂದು ನನ್ನಲ್ಲಿತ್ತು. ಅದನ್ನೇ ತಿದ್ದಿ ತೀಡಿ ಸಿದ್ಧಪಡಿಸಿದೆ.

ನಮ್ಮ ಅಂಗಳವನ್ನು ನೀವು ನೋಡಿಲ್ಲ. ಮಳೆಗಾಲದಲ್ಲಿ ಅದು ಇರುವುದೇ ಇಲ್ಲ; ಹುಲ್ಲು, ಪಾಚಿ, ಕೆಸರು. ಮಳೆ ನಿಂತ ಮೇಲೆ ಹುಲ್ಲು ಕೆತ್ತಿ, ಮಣ್ಣನ್ನು ಕೆದಕಿ, ನೀರು ಹಾಕಿ ತುಳಿದು, ಮನೆಯವರೆಲ್ಲ ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು ಮರದ ಕೊಡತಿಯಿಂದ ಬಡಿಯುತ್ತಾರೆ. ಮೇಲೆ ಸಗಣಿ ಸಾರಿಸಿದರೆ ಅಂಗಳ ಹೊಸತಾಗಿ ಹುಟ್ಟುತ್ತದೆ. ಗದ್ದೆಯ ಭತ್ತ ಅಲ್ಲಿ ಒಣಗುತ್ತದೆ, ತೆಂಗಿನ ಮಡಲಿನ ಚಪ್ಪರ ಏಳುತ್ತದೆ. ಮುಂದಿನ ಮಳೆ ಬಂದು ಎಲ್ಲವನ್ನೂ ಅಳಿಸಿ ಹೋಗುತ್ತದೆ. ಹೀಗೆ ವರ್ಷಕ್ಕೊಮ್ಮೆ ಹುಟ್ಟುವ ಜಾಗವನ್ನು ವಿಮರ್ಶಿಸಬಹುದೇ ಎಂಬ ಅನುಮಾನ ನನಗಿತ್ತು. ಮೇಡಂ ಬಹುದೆಂದರು. ಒಪ್ಪಿಕೊಂಡೆ.

ಅಪ್ಪನಿಗೆ ಫೋನು ಮಾಡಿದೆ. ತಪ್ಪು ನಡೆದದ್ದು ಇಲ್ಲಿಯೇ.

"ಅಪ್ಪ, ಪರೀಕ್ಷೆಗೆ ನಮ್ಮ ಅಂಗಳ ತೋರಿಸಬೇಕು. ಫಾರಿನ್ ಮೇಡಂ ನೋಡ್ತಾರೆ."

"ನಮ್ಮ ಅಂಗಳವಾ? ಅದ್ರಲ್ಲಿ ನೋಡೂಕೆ ಎಂತ ಅದೆ?"

"ಡಿಸೈನ್ ಇರುವ ಜಾಗ ತೋರಿಸಬೇಕಂತೆ. ಅದಕ್ಕೇ."

ಅಪ್ಪ, "ಡಿಸೈನ್ ಇರಬೇಕಾ?" ಎಂದು ಇನ್ನೊಮ್ಮೆ ಕೇಳಿದ. ಹೌದೆಂದೆ. "ಆಯ್ತು, ನೀ ಓದು. ನಾ ನೋಡ್ಕತ್ತೆ" ಎಂದು ಫೋನಿಟ್ಟ. ಅಪ್ಪ ಇಷ್ಟು ಬೇಗ ಅರ್ಥಮಾಡಿಕೊಂಡನಲ್ಲ ಎಂದು ನನಗೆ ಹೆಮ್ಮೆಯೇ ಆಯಿತು.

ಪರೀಕ್ಷೆಯ ಹಿಂದಿನ ದಿನ ಅಣ್ಣ ಒಂದು ಫೋಟೋ ಕಳಿಸಿದ. ನಮ್ಮ ಮನೆಯ ಮುಂದೆ, ತುಳಸಿಕಟ್ಟೆಯಿಂದ ಬೇಲಿಬಾಗಿಲಿನ ದಣಪೆಯವರೆಗೆ, ಕೆಂಪು, ಬೂದು, ಹಳದಿ ಇಂಟರ್‌ಲಾಕ್ ಕಲ್ಲುಗಳು. ನಡುವೆ ಒಂದು ದೊಡ್ಡ ಹೂವು. ನಾನು ಫೋನು ಮಾಡಿದರೆ ಅಪ್ಪನ ಧ್ವನಿಯಲ್ಲಿ ಹಬ್ಬ. "ನಿನ್ನ ಮಾವ ಕೈಗಾ ಬಸ್ಸಲ್ಲಿ ಹೋಗ್ತಾ ಯಾರದೋ ಮನೆ ಮುಂದೆ ಕಂಡು ಬಂದಿದ್ದ. ಅದೇ ಮೇಸ್ತ್ರಿಯ ಹಿಡ್ದು ಹಾಕ್ಸಿದ್ವು. ಡಿಸೈನ್ ಹ್ಯಾಂಗದೆ? ಹೂ ಬೇಕೇ ಬೇಕು ಅಂತ ನಾನೇ ಹೇಳಿದ್ದು."

ನಾನು "ಚೆನ್ನಾಗಿದೆ" ಎಂದೆ. ಅಭ್ಯಾಸಬಲ.

ಚಿಕ್ಕಮ್ಮ ಫೋಟೋ ನೋಡಿ ತಲೆಗೆ ಕೈಹಚ್ಚಿ ಕುಳಿತಳು. "ಡಿಸೈನ್ ಅಂತ ಯಾಕೆ ಹೇಳಿದೆ ಮಾರಾಯ್ತಿ? ಅಂಗಳ ಇದ್ದ ಹಾಂಗೇ ತೋರ್ಸು ಅಂದ್ರೆ ಆಗ್ತಿರ್ಲಿಲ್ವಾ? ಸೀರೆ ಡಿಸೈನು, ಬಳೆ ಡಿಸೈನು ಕಂಡವ ಅಂವ. ಬೇರೆ ಡಿಸೈನು ಅವನಿಗೆ ಯಾರು ಹೇಳಿ ಕೊಟ್ಟಾರೆ?" ಐದು ವರ್ಷ ಓದಿದ ನಾನು ಹೇಳಿಕೊಟ್ಟಿರಲಿಲ್ಲ.

ಮರುದಿನ ನಾನು ಮಣ್ಣಿನ ಅಂಗಳದ ನಕ್ಷೆಯನ್ನು ತೋರಿಸಿ, ನೀರು ಹರಿಯುವ ಇಳಿಜಾರನ್ನೂ ಚಪ್ಪರದ ನೆರಳನ್ನೂ ಬಾಯಿಪಾಠದಂತೆ ಒಪ್ಪಿಸಿದೆ. ಆಮೇಲೆ ಪರದೆಯ ಮೇಲೆ ಅಪ್ಪ ಮೂಡಿದ. ಮದುವೆಮನೆಗೆ ಹಾಕುವ ಬಿಳಿ ಅಂಗಿ ತೊಟ್ಟು, ಅಣ್ಣನ ಕೈಗೆ ಫೋನು ಕೊಟ್ಟು, ಹೂವಿನ ನಟ್ಟನಡುವೆ ನಿಂತಿದ್ದ. ಹೆಲೆನ್ ಮೇಡಂ ನಕ್ಷೆಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ, "ಇದು ಅದೇ ಜಾಗವೇ?" ಎಂದರು. ಅಷ್ಟರಲ್ಲಿ ಆಯಿ, ತೊಳೆದರೆ ಕಲ್ಲು ಎಷ್ಟು ಹೊಳೆಯುತ್ತದೆಂದು ತೋರಿಸಲು ಒಂದು ಕೊಡಪಾನ ನೀರು ತಂದು ಸುರಿದಳು. ನೀರು ಯಾವ ಕಡೆಗೂ ಹೋಗಲಿಲ್ಲ. ಹೂವಿನ ಮಧ್ಯದ ತಗ್ಗಿನಲ್ಲಿ, ಅಪ್ಪನ ಪಾದದ ಸುತ್ತ ನಿಂತಿತು.

"ಹೇಳು, ಇದು ಸರಿಯಾಗಿದೆಯೇ?" ಎಂದರು ಮೇಡಂ.

ಸರಿಯಾಗಿದೆ ಎಂದರೆ ಸೀಟು ಹೋಗುತ್ತದೆ. ಇಲ್ಲ ಎಂದರೆ, ನನಗಾಗಿ ಹಾಕಿಸಿದ ಅಂಗಳವನ್ನು ನಾಲ್ಕು ದೇಶದ ಜನರೆದುರು, ಅಪ್ಪನೆದುರೇ ಹಳಿದಂತಾಗುತ್ತದೆ. "ಸರಿಯಾಗಿಲ್ಲ" ಎಂದೆ ಇಂಗ್ಲಿಷಿನಲ್ಲಿ. "ನೀರಿಗೆ ದಾರಿಯಿಲ್ಲ. ಮಳೆಗಾಲದಲ್ಲಿ ಇದು ಕೆರೆಯಾಗುತ್ತದೆ."

"ಮೇಡಂ ಎಂತ ಕೇಳಿದ್ರು? ನೀ ಎಂತ ಹೇಳ್ದೆ?" ಎಂದ ಅಪ್ಪ.

ಅಪ್ಪ ಕೇಳುತ್ತಿರುವುದೇನೆಂದು ಊಹಿಸಿದ ಮೇಡಂ, "ನೀನು ಹೇಳಿದ್ದನ್ನೇ ಅವರಿಗೂ ಹೇಳು. ಅವರೂ ಉತ್ತರ ಕೊಡಲಿ" ಎಂದರು.

"ಅಪ್ಪ, ಈ ಅಂಗಳ ಸರಿಯಾಗಲಿಲ್ಲ ಅಂದೆ. ಮಣ್ಣಿನದೇ ಚಲೋ ಇತ್ತು."

ಅಪ್ಪ ಕಾಲ ಕೆಳಗಿನ ನೀರನ್ನು ನೋಡಿಕೊಂಡ. ನೋಡಿ, ಸಾವಕಾಶವಾಗಿ ತಲೆಯೆತ್ತಿ ಹೇಳಿದ: "ಚಲೋ ಇತ್ತು, ಯಾರು ಇಲ್ಲ ಅಂದ್ರು? ಆದ್ರೆ ಅದ ಬಡಿಯೂದು ಯಾರು? ಹೋದ ವರ್ಷ ಕೊಡತಿ ಹಿಡ್ಕಂಡು ಒಂದು ಫೋಟೋ ತೆಗೆಸ್ಕಂಡು ಸೊಂಟ ನೋವು ಅಂತ ಒಳಗೆ ಹೋದವಳು ನೀನು. ಮುಂದಿನ ವರ್ಷ ಅಷ್ಟೂ ಇಲ್ಲ, ಫಾರಿನ್ನಲ್ಲಿರ್ತೆ. ಇದನ್ನೂ ಮೇಡಂಗೆ ಹೇಳು. ಬಿಡದೆ ಹೇಳು."

ಬಿಡದೆ ಹೇಳಿದೆ. ಕ್ವಾಮೆ ಕುರ್ಚಿಯಿಂದ ಜಾರುವಂತೆ ನಕ್ಕ. ಮೇಡಂ ನಗಲಿಲ್ಲ, "ಹಾಗಾದರೆ ನಿನ್ನ ನಕ್ಷೆ?" ಎಂದರು. ಆಗ ನನ್ನ ಬಾಯಿಂದ, ಬರೆದು ಅಳಿಸಿ ತಿದ್ದಲು ಸಮಯವೇ ಸಿಗದ ಒಂದು ಮಾತು ಹೊರಬಿತ್ತು: "ನನ್ನ ನಕ್ಷೆಯೂ ತಪ್ಪು, ಮೇಡಂ. ಇಳಿಜಾರು ಬರೆದಿದ್ದೇನೆ, ಚಪ್ಪರದ ಕಂಬ ಬರೆದಿದ್ದೇನೆ, ಬಡಿಯುವವರನ್ನು ಬರೆದಿಲ್ಲ. ಅವರು ಕಡಿಮೆಯಾದರೆ ಅಂಗಳವೂ ಇಲ್ಲ. ನೀವು ಕೊಟ್ಟ ಪ್ರಶ್ನೆಯಲ್ಲಿಯೂ ಅವರಿಗೆ ಜಾಗವಿರಲಿಲ್ಲ."

ಹೇಳಿಯಾದ ಮೇಲೆ ಹೆದರಿಕೆಯಾಯಿತು. ಮೇಡಂ ಏನನ್ನೋ ಬರೆದುಕೊಂಡು, "ಇಂದು ನೀನು ತಂದೆಯನ್ನೂ ಒಪ್ಪಲಿಲ್ಲ, ನಿನ್ನನ್ನೂ ಒಪ್ಪಲಿಲ್ಲ, ನನ್ನನ್ನೂ ಒಪ್ಪಲಿಲ್ಲ. ಹೋಗಿ ಊಟ ಮಾಡು" ಎಂದರು. ತೇರ್ಗಡೆಯಾದ ಸುದ್ದಿ ಮುಂದಿನ ವಾರ ಬಂತು. ಅಪ್ಪನಿಗೆ ತಿಳಿಸಿದಾಗ, "ಹಾಂಗಾರೆ ಡಿಸೈನ್ ಹಾಕ್ಸಿದ್ದು ಉಪಯೋಗಾಯ್ತು ಅಲ್ದಾ?" ಎಂದ. ಅದನ್ನು ಮಾತ್ರ ನಾನು ಮನಸಾರೆ ಒಪ್ಪಿಕೊಂಡೆ.

ಓದು ಮುಗಿಸಿ ಮರಳಿ ಬಂದಿದ್ದೇನೆ. ಈಗ ಚಿಕ್ಕಮ್ಮನ ಮಾಳಿಗೆಯಲ್ಲಿಯೇ ಕುಳಿತು ಅದೇ ಪೂರ್ವಸಿದ್ಧತಾ ಕೋರ್ಸಿನ ಒಂದು ಭಾಗವನ್ನು ನಾನೂ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳೂ ನಾಲ್ಕು ದಿಕ್ಕಿನವರು. ಮೊದಲ ದಿನ ಎಲ್ಲರೂ ನನ್ನನ್ನು ಒಪ್ಪಿಕೊಳ್ಳುತ್ತಾರೆ. ಅವರಿಗೆ ನಾನು ಡಿಸೈನ್ ಎಂಬ ಶಬ್ದವನ್ನು ಹೇಳುವುದಿಲ್ಲ. ನಿಮ್ಮ ಮನೆಯ ಸುತ್ತ ವರ್ಷವರ್ಷವೂ ಹೊಸತಾಗಿ ಮಾಡಬೇಕಾದದ್ದು ಏನು, ಅದನ್ನು ಮಾಡುವವರು ಯಾರು ಎಂದು ಕೇಳುತ್ತೇನೆ. ಒಬ್ಬಳು ಹಿಮ ಕರಗಿದ ಮೇಲೆ ಅಜ್ಜಿ ಜೋಡಿಸುವ ಕಲ್ಲಿನ ಬೇಲಿಯ ಬಗ್ಗೆ ಹೇಳಿದಳು. ಇನ್ನೊಬ್ಬ, ಪ್ರವಾಹ ಇಳಿದ ಮೇಲೆ ಓಣಿಯವರೆಲ್ಲ ಸೇರಿ ಹಾಕುವ ಬಿದಿರಿನ ಕಾಲುಸಂಕದ ಬಗ್ಗೆ. ಹೇಳುತ್ತ ಹೇಳುತ್ತ ಅವರು ಒಬ್ಬರನ್ನೊಬ್ಬರು ತಿದ್ದತೊಡಗುತ್ತಾರೆ. ನನ್ನನ್ನೂ ಬಿಡುವುದಿಲ್ಲ.

ಈ ವರ್ಷ ಮಳೆ ನಿಂತ ಮೇಲೆ ಅಪ್ಪ ಅರ್ಧ ಅಂಗಳದ ಕಲ್ಲು ಎಬ್ಬಿಸಿ ದಣಪೆಯ ದಾರಿಗೆ ಹಾಸಿದ. ಭತ್ತ ಹರಡಲು ಮಣ್ಣೇ ಬೇಕು, ಆದರೆ ಹೂವು ಇರಲಿ ಎಂಬುದು ಅವನ ತೀರ್ಮಾನ. ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ, ಆಯಿ ಮತ್ತು ಅಣ್ಣನ ನಡುವೆ ಕುಳಿತು, ನನ್ನ ಪಾಲಿನ ಸಾಲನ್ನು ಕೊನೆಯವರೆಗೂ ಬಡಿದು ಬಂದೆ. ಸೋಮವಾರ ಪಾಠದಲ್ಲಿ ಇದನ್ನು ಕೇಳಿದ ವಿದ್ಯಾರ್ಥಿನಿಯೊಬ್ಬಳು, ಆ ಅಂಗಳದ ಇಳಿಜಾರು ನಿಖರವಾಗಿ ಎಷ್ಟು ಎಂದು ಕೇಳಿದಳು. ಹಿಂದಿನ ಗೋಡೆಯ ಹಲಗೆಯ ಮೇಲೆ ಬರೆದು ತೋರಿಸೋಣವೆಂದು ಕೈಯೆತ್ತಿದೆ; ಕೊಡತಿ ಬಡಿದ ನೋವಿಗೆ ಭುಜದ ಮಟ್ಟಕ್ಕಿಂತ ಮೇಲೆ ಕೈ ಏಳಲಿಲ್ಲ. ಅರ್ಧಕ್ಕೇ ನಿಂತ ಆ ಕೈಯನ್ನೇ ತೋರಿಸಿ, "ಇಂದು ಉತ್ತರ ಇಷ್ಟೇ" ಎಂದೆ.