ಮೂರನೆಯ ಕೂಗಿಗೆ ಬಂದ ದನಿ

ನಾನು ಜಮಖಂಡಿಯ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್. ಹಳೆಯ ಕಡತಗಳೆಲ್ಲ ಸ್ಕ್ಯಾನ್ ಆಗಿ ಕಂಪ್ಯೂಟರಿಗೆ ಏರಿದ ಮೇಲೆ ನಮ್ಮ ಕೋರ್ಟ್ ಹಾಲಿಗೊಂದು ದೊಡ್ಡ ಪರದೆಯೂ ಬಂತು. ಬರಲಾಗದವರು ಫೋನಿನಿಂದಲೇ ಹಾಜರಾಗಬಹುದು. ಅದರ ಲಿಂಕನ್ನು ದಿನದ ಪಟ್ಟಿಯ ಜೊತೆ ಹಾಕುವುದು, ಕೇಳಿದವರನ್ನು ಒಳಬಿಡುವುದು ನನ್ನ ಕೆಲಸ.

ಹುನ್ನೂರಿನ ಹೆಣ್ಣುಮಗಳೊಬ್ಬಳು ದಾವೆ ಹಾಕಿದ್ದಳು. ಎಂಟು ವರ್ಷಗಳ ಹಿಂದೆ ಅನಗವಾಡಿಯ ಬೀಗರ ಮನೆಗೆಂದು ಹೋದ ಗಂಡ ತಿರುಗಿ ಬಂದಿರಲಿಲ್ಲ. ಹೊಳೆಯ ದಂಡೆಯಲ್ಲಿ ಬೈಕು ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಅವನು ಸತ್ತನೆಂದು ಕೋರ್ಟು ಹೇಳಿದರೆ ಮನೆಯ ಹಕ್ಕಿನ ದಾಖಲೆಯಾದ ಉತಾರಕ್ಕೆ ಆಕೆಯ ಹೆಸರು ಏರುತ್ತಿತ್ತು. ಕಾಣೆಯಾದವನೇ ಪ್ರತಿವಾದಿಯಾದ್ದರಿಂದ ಅವನ ಹೆಸರನ್ನು ಮೂರು ಸಲ ಕೂಗಬೇಕು.

ಆ ಮಧ್ಯಾಹ್ನ ಜವಾನ ಬಾಗಿಲಲ್ಲಿ ನಿಂತು ಕೂಗಿದ. ವರಾಂಡದಲ್ಲಿ ಯಾರೂ ಮಿಸುಕಲಿಲ್ಲ. ಮತ್ತೆ ಕೂಗಿದ. ಮೂರನೆಯ ಕೂಗು ಮುಗಿಯುತ್ತಿದ್ದಂತೆ ಸ್ಪೀಕರಿನಿಂದ ಗಂಡಸಿನ ದನಿ ಬಂತು.

“ಇಲ್ಲೇ ಅದೀನ್ರಿ.”

ಪರದೆಯ ಮೂಲೆಯಲ್ಲೊಂದು ಕಪ್ಪು ಚೌಕ. ಕೆಳಗೆ ಅದೇ ಹೆಸರು. ಆ ಹೆಸರನ್ನು ಒಳಬಿಟ್ಟ ನೆನಪೇ ನನಗಿರಲಿಲ್ಲ.

“ಯಾರು ನೀವು? ಕ್ಯಾಮೆರಾ ಚಾಲು ಮಾಡ್ರಿ,” ಎಂದರು ಜಡ್ಜ್ ಸಾಹೇಬರು.

ಚೌಕ ಕಪ್ಪಾಗಿಯೇ ಇತ್ತು. ದನಿ ಮಾತ್ರ ನಿಧಾನವಾಗಿ, ಮನೆಯವರೊಡನೆ ಮಾತಾಡುವಂತೆ, “ಬಾಗಲಾ ಹಾಕಬ್ಯಾಡ. ತಡಾ ಆಕ್ಕೈತಿ” ಎಂದಿತು. ಚೌಕ ಅಳಿಸಿಹೋಯಿತು.

ಕಟಕಟೆಯಲ್ಲಿದ್ದ ಆಕೆ ಅದರ ಅಡ್ಡಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. “ಅವರದಾ ದನಿರಿ, ಸಾಹೇಬ್ರ.”

“ಯಾರೋ ಹುಡಗಾಟಕಿ ಮಾಡ್ಯಾರ್ರಿ ಸ್ವಾಮಿ,” ಎಂದರು ಆಕೆಯ ವಕೀಲರು. “ಲಿಂಕ್ ಎಲ್ಲಾರಿಗೂ ಸಿಗತೈತಿ.”

ಸಾಹೇಬರು ತನಿಖೆಗೆ ಬರೆದರು. ಪೊಲೀಸರಿಗೆ ಏನೂ ಸಿಗಲಿಲ್ಲ. ಆ ದಿನವೇ ಸಂಜೆ ನಾನು ಹಾಜರಾತಿಯ ಪಟ್ಟಿ ತೆಗೆದು ನೋಡಿದ್ದೆ. ಆ ಹೆಸರು ಸೇರಿದ ವೇಳೆ, ಬೆಳಿಗ್ಗೆ ನಾನು ಲಿಂಕ್ ತೆರೆದ ನಿಮಿಷವೇ ಆಗಿತ್ತು. ಇಡೀ ಹೊತ್ತು ನಮ್ಮೊಡನೆ ಸುಮ್ಮನೆ ಕೂತಿದ್ದ.

ಮುಂದಿನ ತಾರೀಖಿಗೆ ಆಕೆ ದಾವೆ ಹಿಂದೆಗೆದುಕೊಳ್ಳುವ ಅರ್ಜಿ ಹಿಡಿದು ಬಂದಳು.

“ಯಾಕ್ರಿ ಅಕ್ಕಾರ? ಯಾರರ ಮೋಸಾ ಮಾಡಿರಬೇಕು,” ಎಂದೆ.

“ಇರಬಹುದ್ರಿ. ಆದ್ರ ಮನಿ ಬಿಟ್ಟ ಹೋದ ದಿನಾ, ಬಾಗಲಾ ಹಾಕಬ್ಯಾಡ ಅಂತ ಇದಾ ಮಾತ ಹೇಳಿ ಹೋಗಿದ್ರು. ನಾ ಯಾರ ಮುಂದೂ ಅಂದಿಲ್ಲ.” ಸಹಿ ಮಾಡಿ ಅರ್ಜಿಯನ್ನು ನನ್ನ ಕಡೆ ಸರಿಸಿದಳು. “ಸತ್ತಾರ ಅಂತ ಇನ್ನ ನಾ ಹೆಂಗ ಬರದ ಕೊಡ್ಲಿ?”

ಅರ್ಜಿಯನ್ನು ಕಂಪ್ಯೂಟರಿಗೆ ಏರಿಸಿದೆ. ನಮ್ಮಲ್ಲಿ ಕಲಾಪದ ಧ್ವನಿಮುದ್ರಣ ಇಲ್ಲ. ಆ ಮಾತು ಎಲ್ಲಿಯೂ ಉಳಿದಿರಲಿಲ್ಲ. ಆಕೆಗೂ ಅದು ಗೊತ್ತಿತ್ತೇನೋ. ಹೊರಡುವ ಮುಂಚೆ ಮೇಜಿನ ಹತ್ತಿರ ಬಾಗಿ ಕೇಳಿದಳು: “ನಿಮಗೂ ಕೇಳಿತಲ್ರೀ?”

ನಾನು ಸುತ್ತ ನೋಡಿದೆ.

“ಕೇಳಿತ್ರಿ,” ಎಂದೆ.

ಆಕೆ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಹುನ್ನೂರಿನ ಬಸ್ಸಿಗೆ ನಡೆದಳು.